ಎರಡನೆಯ ಮಹಡಿಗೆ ಬಿಸಿನೀರು

ನಾನು ಓದು ನಿಲ್ಲಿಸಿದ್ದು ೧೯೮೩ರಲ್ಲಿ, ಏಳನೆಯ ಇಯತ್ತೆ ಅರ್ಧಕ್ಕೆ ಬಂದಿದ್ದಾಗ. ಆಮೇಲಿನ ನನ್ನ ವಿದ್ಯಾಭ್ಯಾಸವೆಲ್ಲ ಕಂಡಲ್ಲಿ, ಸಿಕ್ಕಲ್ಲಿ, ಎಡವಿ ಬಿದ್ದಲ್ಲಿ ನಡೆದದ್ದು. ಅದರ ತೀರ ಇತ್ತೀಚಿನ ಪಾಠ ದೊಡ್ಡ ಹೋಟೆಲುಗಳ ಬಚ್ಚಲಿನ ನಳದ ಮೇಲಿರುವ ಎರಡು ಚುಕ್ಕೆಗಳದು: ಕೆಂಪು ಚುಕ್ಕೆ ಎಂದರೆ ಬಿಸಿನೀರು, ನೀಲಿ ಚುಕ್ಕೆ ಎಂದರೆ ತಣ್ಣೀರು. ನಾನು ಈ ಪಾಠ ಕಲಿತ ಹೋಟೆಲಿನಲ್ಲಿ ಎರಡೂ ಚುಕ್ಕೆಗಳಿಂದ ನಿಷ್ಪಕ್ಷಪಾತವಾಗಿ ತಣ್ಣೀರೇ ಬರುತ್ತಿದ್ದುದರಿಂದ, ಯಾವ ಬಣ್ಣಕ್ಕೆ ಯಾವ ಅರ್ಥವೆಂಬುದನ್ನು ಅನುಭವದಿಂದಲ್ಲ, ಬರೀ ಕೇಳಿ ನಂಬಬೇಕಾಯಿತು. ಕಲಿತವರು ಬಹಳಷ್ಟು ಸಂಗತಿಗಳನ್ನು ಹೀಗೆಯೇ ನಂಬುತ್ತಾರಂತೆ. ಆ ಲೆಕ್ಕದಲ್ಲಿ ಅಂದು ನಾನೂ ಕೊಂಚ ಸುಶಿಕ್ಷಿತನಾದೆ.

ಆ ಹೋಟೆಲಿನ ಹೆಸರು ಹೇಳಲಾರೆ. ಬಿದ್ದವರ ಹೆಸರು ಹಿಡಿದು ನಗುವುದು ನಮ್ಮ ಮನೆತನದ ಪದ್ಧತಿಯಲ್ಲ. ಬೆಳಗಾವಿಯ ಅಗಲವಾದ ರಸ್ತೆಯೊಂದರ ಮೇಲೆ, ಎರಡು ಹಳೆಯ ಮಳೆಮರಗಳ ಹಿಂದೆ ಅದು ನಿಂತಿದೆ ಎಂದಷ್ಟೇ ಹೇಳಿದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ಏನನ್ನೂ ಕಳೆದುಕೊಂಡಂತಾಗುವುದಿಲ್ಲ. ನಾನು ಹರೆಯದಲ್ಲಿದ್ದಾಗ ಬೆಲ್ಲದ ವ್ಯಾಪಾರಿಯೊಬ್ಬರ ಮಗನ ಆರತಕ್ಷತೆಗೆಂದು ಅದರೊಳಗೆ ಒಮ್ಮೆ ಹೋಗಿದ್ದೆ. ಬಾಗಿಲಲ್ಲಿ ತಲೆಗೆ ಪಟಗಾ ಸುತ್ತಿದ ಮೀಸೆಯವ, ನಡುವೆ ಕಾರಂಜಿ, ಮೇಲೆ ಗಾಜಿನ ದೀಪಗಳ ಗೊಂಚಲಿನ ದೊಡ್ಡ ಝೂಮರು, ಕೆಳಗೆ ಕೆಂಪು ಮಖಮಲ್ಲಿನ ಕೆತ್ತನೆಯ ಕುರ್ಚಿಗಳು. ಹೊಲದಿಂದ ನೇರ ಬಂದಿದ್ದ ನನ್ನ ಧೋತರದ ಕಲೆ ಮಖಮಲ್ಲಿಗೆ ಹತ್ತೀತೆಂಬ ಅಂಜಿಕೆಯಿಂದ ಸಂಜೆಯಿಡೀ ನಿಂತೇ ಇದ್ದೆ. ಮನೆಗೆ ಬಂದು ಹೆಂಡತಿಗೆ ಮಾತ್ರ, ಕುರ್ಚಿಗಳು ಬಹಳ ಮೆತ್ತಗಿದ್ದವು ಎಂದು ವರದಿ ಒಪ್ಪಿಸಿದ್ದೆ.

ನನ್ನ ಪರಿಚಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಖಾನಾಪುರದಿಂದ ನಂದಗಡಕ್ಕೆ ಹೋಗುವ ದಾರಿಯಲ್ಲಿ ನನ್ನ ಕಬ್ಬಿನ ಹೊಲವಿದೆ, ಹೊಲದ ಬದಿಗೆ ಬೆಲ್ಲದ ಗಾಣವಿದೆ, ಗಾಣದ ಬದಿಗೆ ಮನೆಯಿದೆ. ಕಬ್ಬಿನ ಹಾಲನ್ನು ದೊಡ್ಡ ಕಡಾಯಿಯಲ್ಲಿ ಕುದಿಸಿ ಬೆಲ್ಲ ಮಾಡುವುದು ನಾಲ್ಕು ದಶಕಗಳ ನನ್ನ ಕಸುಬು. ಇದನ್ನೆಲ್ಲ ನನ್ನ ಎರಡು ಕೈಗಳಿಂದ ಕಟ್ಟಿದ್ದೇನೆ. ಈ ಮಾತನ್ನು ಯಾರೂ ಕೇಳದಿದ್ದಾಗಲೂ ಹೇಳುವ ಚಟ ನನಗಿದೆ. ಅಭಿಮಾನ ಹೆಚ್ಚೆಂದು ನೆಂಟರು ಆಡಿಕೊಳ್ಳುತ್ತಾರೆ. ಅಭಿಮಾನವಲ್ಲದೆ ಇನ್ನೇನಿಟ್ಟುಕೊಳ್ಳಲಿ? ಸರ್ಟಿಫಿಕೇಟು ಇದ್ದವರು ಗೋಡೆಗೆ ತೂಗು ಹಾಕುತ್ತಾರೆ, ಇಲ್ಲದವನು ಮುಖದ ಮೇಲೆ ತೂಗು ಹಾಕಿಕೊಳ್ಳುತ್ತಾನೆ.

ಇಂಥ ನಾನು, ಹೋಟೆಲಿನಲ್ಲಿ ಒಂದು ರಾತ್ರಿ ಉಳಿಯುವ ಹಟಕ್ಕೆ ಬಿದ್ದದ್ದು ಮಗಳ ದೆಸೆಯಿಂದ.

ಮಗಳು ಸ್ಮಿತಾಳನ್ನು ಜಮಖಂಡಿಗೆ ಕೊಟ್ಟಿದ್ದೇವೆ. ಬೀಗರು ನಿವೃತ್ತ ಹೆಡ್‌ಮಾಸ್ತರು. ಬೀಗತಿ ಸುನಂದಕ್ಕ ಎಣಿಸಿ ಮಾತಾಡುವ ಹೆಂಗಸು. ನಮ್ಮಂತೆಯೇ ಜೈನರಾದರೂ ನೇಮದಲ್ಲಿ ನಮಗಿಂತ ಎರಡು ತೂಕ ಹೆಚ್ಚು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮೆಲ್ಲರ ಪದ್ಧತಿ. ಆದರೆ ಏಳನೆಯ ತಿಂಗಳ ಕುಬಸದ, ಎಂದರೆ ಸೀಮಂತದ ದಿನ ಸುನಂದಕ್ಕ ನನ್ನ ಹೆಂಡತಿಯ ಎದುರು ಮೆಲ್ಲಗೆ ಒಂದು ಮಾತು ಇಟ್ಟರು.

"ಆಷಾಢದಾಗ ದಿನಾ ತುಂಬತಾವು. ನಿಮ್ಮ ಖಾನಾಪುರದಾಗ ಆವಾಗ ಮಳಿ ನಿಲ್ಲಂಗಿಲ್ಲ, ಕೂಸಿನ ಅರಿವಿ ಒಣಗಂಗಿಲ್ಲ. ಆ ಥಂಡ್ಯಾಗ ಬಾಣಂತಿನ್ನ ಹೆಂಗ ಕಳಸೂದ್ರಿ?"

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮಲಪ್ರಭೆಯ ಈಚೆಗಿನ ನಮ್ಮ ಆಷಾಢದಲ್ಲಿ ಕೊಡೆಯೇ ಬೂಸರು ಹಿಡಿಯುತ್ತದೆ. ಜಮಖಂಡಿಯಿಂದ ಮನೆ ಮುಟ್ಟಿದ್ದೇ ಹೆಂಡತಿ ಕಮಲಾ ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಒರೆಸತೊಡಗಿದಳು. ಅವಳ ಅವ್ವ ಬೇಗ ತೀರಿಕೊಂಡದ್ದರಿಂದ ಅವಳಿಗೆ ತವರಿನ ಬಾಣಂತನ ಸಿಕ್ಕಿರಲಿಲ್ಲ; ತನಗೆ ಸಿಗದ್ದನ್ನು ಮಗಳಿಗೆ ಕೊಡಬೇಕೆಂದು ಅವಳು ಸ್ಮಿತಾ ಹುಟ್ಟಿದಂದಿನಿಂದ ಕಾದಿದ್ದಳು. ಕೊನೆಗೆ ಹೀಗೊಂದು ಒಪ್ಪಂದವಾಯಿತು: ಎಂಟನೆಯ ತಿಂಗಳಲ್ಲಿ ಅವರು ಸ್ಮಿತಾಳನ್ನು ಬೆಳಗಾವಿಯ ಡಾಕ್ಟರಿಗೆ ತೋರಿಸಲು ಕರೆತರುವುದು, ಎರಡೂ ಮನೆಯವರು ಒಂದು ರಾತ್ರಿ ಅಲ್ಲೇ ಉಳಿಯುವುದು, ಮರುದಿನ ಬೆಳಗ್ಗೆ ಕೋಟೆಯ ಬಸದಿಯಲ್ಲಿ ದರ್ಶನ ಮಾಡಿ, ಹುಡುಗಿ ಯಾವ ಗಾಡಿ ಹತ್ತಬೇಕೆಂದು ಸುನಂದಕ್ಕ ಹೇಳುವುದು.

"ಉಳಿಯೂದರ ಯಾಕ? ಸೀದಾ ಮನೀಗೇ ಕರೀರಿ. ಖಾನಾಪುರೇನ್ ದೂರೈತಿ?" ಎಂದಳು ಕಮಲಾ.

"ಹೆಡ್‌ಮಾಸ್ತರ್ನ ತಂದು ಗಾಣದ ವಾಸನ್ಯಾಗ ಕುಂದರಸ್ಲೇನ?" ಎಂದೆ ನಾನು.

ನನ್ನ ತರ್ಕ ಇಷ್ಟೇ. ಖಾನಾಪುರವೆಂದರೆ ಥಂಡಿ, ಹೊಗೆ, ಸಿಪ್ಪೆಯ ರಾಶಿ ಎಂಬ ಕಲ್ಪನೆ ಆ ಮನೆಯಲ್ಲಿದೆ. ಬೆಳಗಾವಿಯ ಅತಿ ದೊಡ್ಡ ಹೋಟೆಲಿನಲ್ಲಿ ಝೂಮರಿನ ಕೆಳಗೆ ಕೂಡ್ರಿಸಿ ಉಪಚರಿಸಿದರೆ, ಈ ಮನುಷ್ಯ ಬಾಣಂತನವನ್ನೂ ಇದೇ ಠೀವಿಯಲ್ಲಿ ಮಾಡಿಯಾನು ಎಂದು ಅವರಿಗೆ ತಾನಾಗಿಯೇ ತಿಳಿಯುತ್ತದೆ. ಸ್ಮಿತಾ ಫೋನಿನಲ್ಲಿ ಎಚ್ಚರಿಸಿದ್ದಳು: "ಅಪ್ಪಾ, ಆ ಹೋಟೆಲಿನ ಬಗ್ಗೆ ಮಂದಿ ಮೊಬೈಲ್‌ದಾಗ ಏನೇನ್ ಬರದಾರ, ನೋಡೀಯೇನ?" ಬರೆಯುವ ಮಂದಿ ಬರೆಯುತ್ತಾರೆ, ಇರುವ ಮಂದಿ ಇರುತ್ತಾರೆ ಎಂದು ನಾನು ಫೋನಿಟ್ಟೆ. ಇನ್ನು ನಮ್ಮ ಮನೆಯಲ್ಲಿ ಬುತ್ತಿಯಿಲ್ಲದೆ ಯಾರೂ ಊರು ದಾಟುವುದಿಲ್ಲವಷ್ಟೆ. ಈ ಸಲ ಬುತ್ತಿ ಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಜರಿ ಅಂಚಿನ ಹೊಸ ಶಲ್ಯವೊಂದನ್ನು ಕೊಂಡು, ಕನ್ನಡಿಯ ಮುಂದೆ ಹೊದ್ದು, ಹೋಟೆಲಿನ ಕೌಂಟರಿನಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಅಭ್ಯಾಸವೂ ಮಾಡಿದೆ.

ಬೀಗರಿಗಿಂತ ಒಂದು ತಾಸು ಮುಂಚೆ ನಾವು ಹೋಟೆಲು ತಲುಪಿದೆವು. ಬಾಗಿಲಲ್ಲಿ ಮೀಸೆಯವನಿರಲಿಲ್ಲ, ಬಾಗಿಲನ್ನು ಒಂದು ಹೂಕುಂಡ ಹಿಡಿದು ನಿಲ್ಲಿಸಿತ್ತು. ಕಾರಂಜಿಯ ತೊಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ತಾವರೆಗಳು ಧೂಳಿನ ಮೇಲೆ ತೇಲುವಂತೆ ನಟಿಸುತ್ತಿದ್ದವು. ಝೂಮರು ಇತ್ತು, ಆದರೆ ಅದರ ಅಷ್ಟೂ ದೀಪಗಳಲ್ಲಿ ಮೂರು ಮಾತ್ರ ಉರಿಯುತ್ತಿದ್ದವು, ಅವೂ ಒಂದೇ ಮೂಲೆಯವು; ಇಡೀ ಝೂಮರು ಆ ಕಡೆಗೆ ವಾಲಿದಂತೆ ಕಾಣುತ್ತಿತ್ತು. ಕೌಂಟರಿನ ಹಿಂದೆ ಕೋಟು ಹಾಕಿದ ಹಿರಿಯನೊಬ್ಬ ಎದ್ದು ನಿಂತ. ಅವನ ಹೆಸರು ಪುಂಡಲೀಕ. ನಮ್ಮ ಹೆಸರು ಬರೆದುಕೊಂಡು, ಕೋಟು ಕಳಚಿ ಗೂಟಕ್ಕೆ ಹಾಕಿ, ಅದೇ ಮನುಷ್ಯ ಈಚೆ ಬಂದು ನಮ್ಮ ಚೀಲಕ್ಕೆ ಕೈ ಹಾಕಿದ. ಮ್ಯಾನೇಜರು, ಹಮಾಲ, ವೇಟರು ಮೂವರೂ ಅವನೊಬ್ಬನೇ ಎಂಬುದು ಸಂಜೆಯ ಹೊತ್ತಿಗೆ ನನಗೆ ಅರ್ಥವಾಯಿತು. ಕೋಟು ಇದೆಯೋ ಇಲ್ಲವೋ ನೋಡಿ ಯಾರನ್ನು ಮಾತಾಡಿಸುತ್ತಿದ್ದೇವೆಂದು ತಿಳಿಯಬೇಕಿತ್ತು.

ನನಗಿಂತ ಹಿರಿಯನ ಕೈಯಲ್ಲಿ ಚೀಲ ಕೊಡುವುದು ನನ್ನಿಂದಾಗಲಿಲ್ಲ. ಅವನು ಎಳೆದ, ನಾನು ಎಳೆದೆ. ಗೆದ್ದವನು ನಾನೇ. ಅತಿಥಿಯಾಗಿ ನನ್ನ ಮೊದಲ ಸೋಲು ಅದು ಎಂದು ಆಗ ಹೊಳೆಯಲಿಲ್ಲ.

"ಲಿಫ್ಟ್ ಎಲ್ಲೈತ್ರಿ?"

"ಇಲ್ಲೇ ಐತ್ರಿ ಸಾಹೇಬ್ರ. ಚಾಲೂ ಇಲ್ಲ, ಅಷ್ಟ."

ಪುಂಡಲೀಕನ ಮಾತಿನ ವೈಖರಿಯೇ ಅದು. ಯಾವುದಕ್ಕೂ ಮೊದಲ ಉತ್ತರ 'ಐತ್ರಿ'. ಟಿವಿ ಐತ್ರಿ, ಚಿತ್ರ ಬರಂಗಿಲ್ಲ. ಕಿಟಕಿ ಐತ್ರಿ, ತೆಗೀಬ್ಯಾಡ್ರಿ. ಒಂದು ಕಾಲದಲ್ಲಿ ಬಾಳಿದ ಮನೆತನದವರು ಹೀಗೆ ಮಾತಾಡುವುದನ್ನು ನಾನು ಕೇಳಿದ್ದೇನೆ. ಅವರ ಪಾಲಿಗೆ ಇರುವುದು ಮುಖ್ಯ, ನಡೆಯುವುದು ಗೌಣ. ಕೋಣೆ ತೋರಿಸಿ ನಿಂತವನಿಗೆ ನಾನು ಬಾಯಿತಪ್ಪಿ "ಬರ್ರಿ, ಕುಂದರ್ರಿ, ಚಾ ಕುಡೀತೀರೇನು?" ಎಂದೆ. ಅವನು ಕಕ್ಕಾಬಿಕ್ಕಿಯಾಗಿ, ತಾನೇ ಹೋಗಿ ತರಬೇಕಾದ ಚಹಾಕ್ಕೆ ತಾನೇ ಬೇಡವೆಂದು ಕೈ ಮುಗಿದ.

ಸ್ಮಿತಾಳನ್ನು ಡಾಕ್ಟರಿಗೆ ತೋರಿಸಿಕೊಂಡು ಬೀಗರು ಬಂದರು. ಹೆಡ್‌ಮಾಸ್ತರು ಝೂಮರನ್ನು ತಲೆಯೆತ್ತಿ ನೋಡಿ, "ಬ್ರಿಟಿಷರ ಕಾಲದ್ದಿರಬೇಕು" ಎಂದರು. ನಾನು ಅದನ್ನು ಹೊಗಳಿಕೆಯೆಂದು ಸ್ವೀಕರಿಸಿದೆ. ಸ್ಮಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎರಡು ಮಹಡಿಯ ಮೆಟ್ಟಿಲುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪುಂಡಲೀಕ ಅವಳಿಗೂ ಕಮಲಾಗೂ ಕೆಳಗಿನ ಅಂತಸ್ತಿನಲ್ಲೇ ಕೋಣೆ ಬಿಡಿಸಿಕೊಟ್ಟ. ಮೇಲೆ ಬೀಗರ ಕೋಣೆಯಲ್ಲಿ ಸುನಂದಕ್ಕ ಪರೀಕ್ಷೆಗೆ ತೊಡಗಿದರು. ಹಾಸಿಗೆಯ ಮೇಲೆ ಅಂಗೈ ಒತ್ತಿದರು. ಟವೆಲ್ಲನ್ನು ಮೂಗಿನ ಹತ್ತಿರ ಹಿಡಿದರು. ಗೋಡೆಗೆ ಬೆನ್ನುಗೈ ಹಚ್ಚಿದರು.

"ಗ್ವಾಡಿ ಒದ್ದಿ ಐತಿ ನೋಡ್ರಿ," ಎಂದು ಗಂಡನಿಗೆ ಹೇಳಿದರು. ಹಿಂದಿನ ದಿನ ಬಿದ್ದ ಒಂದೇ ಮಳೆಗೆ ಗೋಡೆ ಮೂಲೆಯಲ್ಲಿ ಬೆವರಿತ್ತು.

ಖಾನಾಪುರದಲ್ಲಿ ಥಂಡಿಯಿಲ್ಲವೆಂದು ತೋರಿಸಲು ಹೊರಟ ನಾನು, ಜಿಲ್ಲೆಯ ಅತ್ಯಂತ ಒದ್ದೆಯಾದ ಗೋಡೆಯನ್ನು ಹುಡುಕಿ, ದುಡ್ಡು ಕೊಟ್ಟು, ಬೀಗತಿಯ ಕೈಗೆ ಅದನ್ನು ಮುಟ್ಟಿಸಿದ್ದೆ. ನನ್ನ ಮನೆಯ ಗೋಡೆಗಳಾದರೂ ಗಾಣದ ಒಲೆಯ ಕಾವಿಗೆ ಒಣಗಿ ಬೆಚ್ಚಗಿರುತ್ತವೆ. ಅದನ್ನು ಹೇಳಲು ಹೋದರೆ ಗಾಣದ ಮಾತು ಬರುತ್ತದಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಮುಂದೆ ಊಟ. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಉಣ್ಣಬೇಕು, ಮುಳುಗಿದ ಮೇಲೆ ಸುನಂದಕ್ಕ ಹನಿ ನೀರನ್ನೂ ಮುಟ್ಟುವುದಿಲ್ಲ. ನಾನು ಮೊದಲೇ ಹೋಟೆಲಿಗೆ ಫೋನು ಮಾಡಿ ಇದನ್ನೆಲ್ಲ ಬಿಡಿಸಿ ಹೇಳಿದ್ದೆ, ಆ ಕಡೆಯಿಂದ ಆಯ್ತು ಎಂಬ ಉತ್ತರವೂ ಬಂದಿತ್ತು. ಕೆಳಗಿಳಿದು ಕೇಳಿದರೆ ಪುಂಡಲೀಕ ಕೋಟು ಹಾಕಿಕೊಂಡ. ಸುದ್ದಿ ಕೆಟ್ಟದ್ದು ಎಂದು ಅದರಿಂದಲೇ ತಿಳಿಯಿತು.

"ಕಿಚನ್ ಐತ್ರಿ ಸಾಹೇಬ್ರ. ಅಡಗಿಯಾಂವ ಏಳೂವರಿಗೆ ಬರ್ತಾನ."

"ಹೊತ್ತು ಏಳಕ್ಕ ಮುಳುಗತೈತ್ರಿ."

"ಹೊತ್ತಿಗೆ ನಾ ಏನ್ ಹೇಳ್ಲಿರಿ," ಎಂದು ಪುಂಡಲೀಕ ಪ್ರಾಮಾಣಿಕವಾಗಿ ನೊಂದುಕೊಂಡ.

ನಾನು ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಬರುವುದರೊಳಗೆ, ಬೀಗರ ಕೋಣೆಯ ಮೇಜಿನ ಮೇಲೆ ಕಮಲಾ ಬಿಳಿ ಅರಿವೆ ಹಾಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸಾಲಾಗಿ ಇಟ್ಟಿದ್ದಳು.

"ಬುತ್ತಿ ಬ್ಯಾಡ ಅಂದಿದ್ನಲ್ಲ," ಎಂದೆ ದನಿ ತಗ್ಗಿಸಿ.

"ಇದು ಬುತ್ತಿ ಅಲ್ರಿ. ದಾರ್ಯಾಗ ಹಸುವಾದ್ರ ಇರ್ಲಿ ಅಂತ."

ಬೆಳಗಾವಿಗೆ ನಮ್ಮ ದಾರಿ ಒಂದು ತಾಸಿನದೂ ಅಲ್ಲ. ಐದು ಜನ ಎರಡು ದಿನ ಹಸಿದರೂ ಸಾಲುವಷ್ಟು ರೊಟ್ಟಿ ಅಲ್ಲಿತ್ತು. ಕಟ್ಟಪ್ಪಣೆ ಮುರಿದವಳ ಮೇಲೆ ಸಿಟ್ಟಾಗಬೇಕೆಂದುಕೊಂಡೇ ನಾನು ಮೂರನೆಯ ರೊಟ್ಟಿ ಮುಗಿಸಿದೆ. ಸುನಂದಕ್ಕ ಉಂಡರು, ಕೈ ತೊಳೆದರು, ಮತ್ತೊಮ್ಮೆ ಗೋಡೆ ಮುಟ್ಟಿ ನೋಡಿದರು. ಅವರು ಬೈದಿದ್ದರೆ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಬೆಳಕು ಹರಿಯುವ ಹೊತ್ತಿಗೆ ಬೀಗರು ನನ್ನ ಕದ ತಟ್ಟಿದರು. ಹೆಡ್‌ಮಾಸ್ತರು ಸಂಕೋಚದ ಮನುಷ್ಯ. "ಬೀಗರ, ಕೆಂಪ ತಿರುವಿದೆ, ನೀಲಿ ತಿರುವಿದೆ, ಎರಡೂ ಕೂಡೇ ತಿರುವಿದೆ. ನಿಮ್ಮ ಕಡೆ ಬಿಸಿ ಬರಾಕತ್ತೈತೇನು?" ಎಂದರು. ಬಸದಿಗೆ ಹೋಗುವ ಮುಂಚೆ ಸ್ನಾನ ಆಗಲೇಬೇಕು. ಸುನಂದಕ್ಕನಿಗೆ ಸೊಂಟದ ವಾತ, ತಣ್ಣೀರು ಮೈಗೆ ತಾಕಿದರೆ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ನಾನು ಪುಂಡಲೀಕನಲ್ಲಿಗೆ ಓಡಿದೆ. ಅವನು ಆಕಾಶ ತೋರಿಸಿದ.

"ಸೋಲಾರ್ ಐತ್ರಿ ಸಾಹೇಬ್ರ. ಮೋಡ ಐತಲ್ರಿ."

ಆಗ ನನಗೆ ಏನಾಯಿತೋ ತಿಳಿಯದು. ಹಿಂದಿನ ಮಧ್ಯಾಹ್ನದಿಂದ ಅತಿಥಿಯ ವೇಷ ಹಾಕಿ ಹಾಕಿ ಮೈ ಜಡ್ಡುಗಟ್ಟಿತ್ತು. ಹೋಟೆಲಿನ ಹಿತ್ತಲಲ್ಲಿ ಮದುವೆಗಳ ಕಾಲದ ತಾಮ್ರದ ಹಂಡೆಯೊಂದು ಬೋರಲು ಬಿದ್ದಿತ್ತು. ಅದನ್ನು ಉರುಳಿಸಿ ತಂದು ಬೂದಿ ಹಾಕಿ ತಿಕ್ಕಿದೆ, ಮೂರು ಕಲ್ಲು ಹೂಡಿದೆ. ನೀರೊಳಗಿನ ಕಾಣದ ಜೀವಗಳು ಸಾಯದಂತೆ ಸೋಸಿಯೇ ಕಾಸುವುದು ನಮ್ಮ ನೇಮ; ಸೋಸಲು ಅರಿವೆ ಬೇಕಿತ್ತು. ಕೈಗೆ ಸಿಕ್ಕಿದ್ದು ಜರಿಯಂಚಿನ ಹೊಸ ಶಲ್ಯ. ಅದನ್ನೇ ಎರಡು ಪದರ ಮಡಿಚಿ ಹಂಡೆಯ ಬಾಯಿಗೆ ಕಟ್ಟಿ ನೀರು ಹೊಯ್ದೆ. ಕಟ್ಟಿಗೆಗೆ ಪುಂಡಲೀಕ ಒಂದು ಮೂಲೆ ತೋರಿಸಿದ. ಅಲ್ಲಿ ಮುರಿದ ಕುರ್ಚಿಗಳ ರಾಶಿ; ಮಖಮಲ್ಲು ಹರಿದು, ಕೆತ್ತನೆಯ ಕಾಲುಗಳು ಆಕಾಶ ನೋಡುತ್ತ ಬಿದ್ದಿದ್ದವು.

"ಸುಡ್ರಿ. ಹೆಂಗೂ ಹುಳಾ ಹಿಡದಾವು."

ಹುಳ ಹಿಡಿದದ್ದನ್ನು ಒಲೆಗೆ ಹಾಕುವ ರೂಢಿ ನಮ್ಮಲ್ಲಿಲ್ಲ. ಒಂದೊಂದೇ ಕಾಲನ್ನು ನೆಲಕ್ಕೆ ಬಡಿದು, ತಿರುವಿ, ಸಂದು ನೋಡಿ, ಗೆದ್ದಲು ಉದುರಿದ್ದನ್ನು ಮರದ ಬುಡದಲ್ಲಿ ಬೇರೆ ಇಟ್ಟೆ. ಚೊಕ್ಕ ಇದ್ದದ್ದನ್ನು ಮಾತ್ರ ಉರಿಗೆ ಕೊಟ್ಟೆ. ಇದನ್ನು ನಾನು ಯೋಚಿಸಿ ಮಾಡಿದೆನೆಂದು ಹೇಳಿಕೊಳ್ಳುವಂತಿಲ್ಲ. ಮಂದಿಯ ಗಾಣದ ಒಲೆಗೆ ಅಪ್ಪ ಹೀಗೆ ಹಾಕುತ್ತಿದ್ದ, ನಾನೂ ಹೀಗೆ ಹಾಕುತ್ತೇನೆ. ಒಂದು ಕಾಲದಲ್ಲಿ ಕೂಡ್ರಲು ಅಂಜಿದ್ದ ಕುರ್ಚಿ ಚೆನ್ನಾಗಿ ಉರಿಯಿತು ಎಂದು ಮಾತ್ರ ದಾಖಲಿಸಬಲ್ಲೆ.

ನೀರು ಮರಳತೊಡಗಿದಾಗ ಎರಡು ಬಕೆಟ್ಟು ತುಂಬಿ, ಧೋತರ ಎತ್ತಿ ಕಟ್ಟಿ, ಎರಡನೆಯ ಮಹಡಿಗೆ ಹೊತ್ತೆ. ಹಾದಿಯಲ್ಲಿ ಒಂದು ಕದ ತೆರೆದು, ಟವೆಲ್ಲು ಸುತ್ತಿಕೊಂಡ ಹುಬ್ಬಳ್ಳಿ ಕಡೆಯ ಔಷಧಿ ಕಂಪನಿಯವನೊಬ್ಬ ಹೊರಗೆ ಮುಖ ಹಾಕಿದ.

"ಏ ಕಾಕಾ, ಇಲ್ಲೂ ಒಂದ್ ಬಕೆಟ್ ಕೊಡ್ರಿ. ಹಂಗ ಸೋಪೂ."

ನಾನು ಯಾರೆಂದು ಅವನಿಗೆ ಹೇಳಬೇಕಿತ್ತು. ಎರಡು ಕೈಗಳಿಂದ ಕಟ್ಟಿದ್ದರ ಕಥೆಯನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಆದರೆ ಎರಡೂ ಕೈಯಲ್ಲಿ ಬಕೆಟ್ಟುಗಳಿದ್ದವು. ಮುಂದಿನ ಸರದಿಯಲ್ಲಿ ಅವನಿಗೂ ನೀರು ಕೊಟ್ಟೆ. ಸೋಪು ಕೊಡಲಿಲ್ಲ, ಅಷ್ಟರಮಟ್ಟಿಗೆ ಮಾನ ಉಳಿಸಿಕೊಂಡೆ.

ಮೂರನೆಯ ಸಲ ಕೆಳಗಿಳಿದಾಗ ಸುನಂದಕ್ಕ ಶಾಲು ಹೊದ್ದು ಹಂಡೆಯ ಹತ್ತಿರ ನಿಂತಿದ್ದರು. ಸ್ಮಿತಾ, ಕಮಲಾ ಹಿಂದೆಯೇ ಇದ್ದರು. ಗುರುತಿಲ್ಲದವನ ಎದುರು ಬಕೆಟ್ಟು ಹೊತ್ತದ್ದು ಬೇರೆ. ಬೀಗತಿಯ ಎದುರು ಮಸಿ ಮೆತ್ತಿದ ಮುಖದಲ್ಲಿ, ಶಲ್ಯವಿಲ್ಲದ ಹೆಗಲಲ್ಲಿ ನಿಂತದ್ದು ಬೇರೆ. ನನ್ನ ಠೀವಿಯೆಲ್ಲ ಹೊಗೆಯ ಜೊತೆ ಮಳೆಮರದ ಕೊಂಬೆ ಸೇರಿತ್ತು.

"ನೀರ್ ಸೋಸೀರೇನ್ರಿ?" ಎಂದರು.

"ಸೋಸೇನ್ರಿ ಅಕ್ಕಾರ."

"ಎರಡ ಪದರ?"

ನಾನು ಹಿಂಡಿ ಹಾಕಿದ್ದ ಶಲ್ಯ ತೋರಿಸಿದೆ. ಜರಿಯ ಬಣ್ಣ ಆಗಲೇ ಅಂಚು ಬಿಟ್ಟು ನಡುವಿಗೆ ವಲಸೆ ಹೊರಟಿತ್ತು. ಅವರು ಅದರ ಪದರಗಳನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ಕಟಗಿ ಬಡದ ಬಡದ ಹಾಕಾಕತ್ತಿದ್ದು ಮ್ಯಾಲಿಂದ ನೋಡಿದ್ನಿ," ಎಂದರು. ಆಮೇಲೆ, "ಮನ್ಯಾಗ ಹಿಂಗ ಯಾರ ಕಾಸತಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸ್ಮಿತಾ ಹೇಳಿದಳು: "ಅಪ್ಪನೇ ಕಾಸತಾನ್ರಿ, ಅತ್ತಿ. ಗಾಣದ ಒಲಿ ಮ್ಯಾಲ. ಮಳಿಗಾಲದಾಗ ಗಾಣ ಬಂದ್ ಇರತೈತಿ, ಆದ್ರ ಒಲಿ ಹಚ್ಚೇ ಇಡತಾನ. ನಮ್ಮ ಅರಿವಿ ಎಲ್ಲಾ ಅಲ್ಲೇ ಒಣಗತಾವು, ಹಗ್ಗದ ಮ್ಯಾಲ. ಬೆಲ್ಲದ ವಾಸನಿ ಬರತೈತಿ, ಅಷ್ಟ."

"ಅರಿವಿ ಒಣಗತಾವು?"

"ಒಂದ ತಾಸಿನ್ಯಾಗ ಒಣಗತಾವ್ರಿ," ಎಂದಳು ಕಮಲಾ. ಹೇಳುತ್ತ ಒಂದು ಹೆಜ್ಜೆ ಮುಂದೆ ಬಂದಳು.

ಸುನಂದಕ್ಕ ನನ್ನ ಕಡೆ ತಿರುಗಿದರು. "ಮತ್ತ ಕುಬಸದಾಗ ನೀವು ಇದನ್ನ ಹೇಳ್ಲೇ ಇಲ್ಲಲ್ರಿ ಬೀಗರ. ದವಾಖಾನಿ ಹತ್ರೈತಿ ಅಂದ್ರಿ, ಜೀಪ್ ಐತಿ ಅಂದ್ರಿ, ದೊಡ್ಡ ಹೋಟೆಲ್ ಐತಿ ಅಂದ್ರಿ. ಒಲಿ ಐತಿ ಅನ್ನೂದು ಬಿಟ್ರಿ."

ನಾನು ಬಗ್ಗಿ ಹಂಡೆಯ ಕೆಳಗಿನ ಕೊಳ್ಳಿಯನ್ನು ಒಳಗೆ ತಳ್ಳಿದೆ. ಮನುಷ್ಯ ತನ್ನ ಯೋಗ್ಯತೆಯನ್ನು ತೋರಿಸಲು ಹೊರಟಾಗ, ಇರುವುದನ್ನು ಮನೆಯಲ್ಲಿ ಮುಚ್ಚಿಟ್ಟು, ಇಲ್ಲದ್ದನ್ನು ಬಾಡಿಗೆಗೆ ತರುತ್ತಾನೆ. ಆ ಬಾಡಿಗೆಯ ವೈಭವದ ಲಿಫ್ಟು ಕೆಟ್ಟು ನಿಂತಾಗ ಮಾತ್ರ ಅವನ ಕಾಲಿನ ಶಕ್ತಿ ಇನ್ನೊಬ್ಬರಿಗೆ ಕಾಣುತ್ತದೆ. ಈಗ ಯೋಚಿಸಿದರೆ ಆ ಹೋಟೆಲಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅದೂ ನನ್ನ ಹಾಗೆಯೇ, ಉರಿಯುವ ಮೂರು ದೀಪಗಳ ಬಲದ ಮೇಲೆ ಇಡೀ ಝೂಮರಿನ ಮಾತಾಡುತ್ತಿತ್ತು. ಅಂದು ಅದಕ್ಕೆ ಆತಿಥ್ಯ ಮರೆತುಹೋಗಿತ್ತು, ನನಗೆ ಅತಿಥಿಯಾಗಲು ಬಂದಿರಲಿಲ್ಲ; ನಾವಿಬ್ಬರೂ ಒಂದೇ ಇಯತ್ತೆಯಲ್ಲಿ ನಪಾಸಾದವರು. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೆ, ನಳದಿಂದ ಬಿಸಿನೀರು ಬಂದಿದ್ದರೆ, ನಾನು ಶಲ್ಯ ಹೊದ್ದು ಝೂಮರಿನ ಕೆಳಗೆ ಗಂಭೀರವಾಗಿ ಕೂತಿರುತ್ತಿದ್ದೆ, ಮಗಳು ಜಮಖಂಡಿಗೆ ಹೊರಟಿರುತ್ತಿದ್ದಳು.

ಬಸದಿಯಲ್ಲಿ ದರ್ಶನವಾಯಿತು. ಹೊರಗೆ ಬೀಗರ ಕಾರೂ ನಮ್ಮ ಜೀಪೂ ಅಕ್ಕಪಕ್ಕ ನಿಂತಿದ್ದವು. ಸುನಂದಕ್ಕ ಚಪ್ಪಲಿ ಮೆಟ್ಟಿಕೊಂಡು, ಸೆರಗು ಸರಿಪಡಿಸಿಕೊಂಡು, ತಮ್ಮ ಡ್ರೈವರನನ್ನು ಕರೆದರು. ನನ್ನ ಹೆಂಡತಿ ಬಸದಿಯ ಕಂಬವೊಂದನ್ನು ಹಿಡಿದು ನಿಂತಿದ್ದಳು.

"ಸ್ಮಿತಾನ ಪೆಟ್ಟಿಗಿ ಆ ಜೀಪಿನ್ಯಾಗ ಇಡಪಾ," ಎಂದರು. ಮತ್ತೆ ಕಮಲಾಳ ಕಡೆ ತಿರುಗಿ, "ನೀರ ಮಾತ್ರ ಮರಳಿರಬೇಕ ನೋಡ್ರಿ. ಉಗುರ ಬೆಚ್ಚಗ ನಡಿಯಂಗಿಲ್ಲ. ನಾ ಎಂಟ ದಿನದ ಮಟ್ಟಿಗೆ ಬಂದು ನೋಡಿ ಹೋಗಾಕಿ," ಎಂದರು.

ಹೆಡ್‌ಮಾಸ್ತರು ನನ್ನ ಕೈ ಹಿಡಿದುಕೊಂಡು, ಸಾಲೆಯಲ್ಲಿ ಬಹುಮಾನ ಕೊಡುವವರ ದನಿಯಲ್ಲಿ, "ಬೀಗರ, ಅಂಥಾ ಸ್ನಾನ ಆಗಿ ಭಾಳ ದಿನ ಆಗಿತ್ರಿ. ಆದ್ರ ಬಕೆಟ್ ಸ್ವಲ್ಪ ಸೋರತಿತ್ತು," ಎಂದರು. ನನ್ನ ವಿದ್ಯಾರ್ಥಿ ಜೀವನದಲ್ಲಿ ಮಾಸ್ತರರೊಬ್ಬರಿಂದ ನನಗೆ ದೊರೆತ ಏಕೈಕ ಪ್ರಶಂಸೆ ಅದು. ಕಮಲಾ ಕಂಬ ಬಿಟ್ಟು ಜೀಪಿನ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಳು. ಖಾನಾಪುರ ಬರುವವರೆಗೂ ಇಬ್ಬರೂ ಬಿಡುವಿಲ್ಲದೆ ನನ್ನ ಧೋತರ ಎತ್ತಿ ಕಟ್ಟಿದ ಭಂಗಿಯನ್ನು ನೆನೆದು ನಕ್ಕರು.

ಈಗ ಆಷಾಢ ಮುಗಿಯುತ್ತ ಬಂದಿದೆ, ಮಳೆ ಮುಗಿಯುವ ಲಕ್ಷಣವಿಲ್ಲ. ಸದ್ಯ ನನ್ನಲ್ಲಿರುವುದು ಇಷ್ಟು: ಆರು ಎಕರೆ ಕಬ್ಬು, ಒಂದು ಗಾಣ, ಒಂದು ಜೀಪು, ಎರಡು ಎಮ್ಮೆ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಇಪ್ಪತ್ತೆರಡು ದಿನದ ಒಬ್ಬಳು ಮೊಮ್ಮಗಳು, ಎಂಟು ದಿನಕ್ಕೆಂದು ಬಂದು ಇಪ್ಪತ್ತೆರಡು ದಿನದಿಂದಲೂ 'ನಾಳಿಗೆ ಹೊಂಡತೀನಿ' ಎನ್ನುತ್ತಿರುವ ಒಬ್ಬ ಬೀಗತಿ, ಮತ್ತು ಅವರ ದೂರುಗಳು, ಇಂದಿನವರೆಗೆ, ಎರಡೇ ಎರಡು.